ಅಳುವುದಿದ್ದರೆ ಅಂಗಳದಲ್ಲಿ

ನಾನು ಲಿಫ್ಟ್ ರಿಪೇರಿ ಮಾಡುವವನು. ಮಾಲ್ಮೊ ನಗರದ ಅರ್ಧ ಜನ ದಿನಾ ಬೆಳಿಗ್ಗೆ ಮೇಲೆ ಹೋಗಿ ಸಂಜೆ ಕ್ಷೇಮವಾಗಿ ಕೆಳಗೆ ಬರುತ್ತಿರುವುದು ನನ್ನ ಕೃಪೆಯಿಂದ. ಇಪ್ಪತ್ತೊಂಬತ್ತು ವರ್ಷಗಳಿಂದ ಹನ್ನೆರಡು ಅಂತಸ್ತಿನ ಕಟ್ಟಡಗಳನ್ನು ಪಳಗಿಸಿದ ಈ ಕೈಗಳಿಗೆ ಒಂದು ಮರದ ದಿಂಡು ತಿರುಗಿಸುವುದು ಯಾವ ಮಹಾ ವಿದ್ಯೆ? ಕಳೆದ ಅಕ್ಟೋಬರಿನಲ್ಲಿ ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿಯೇ ಬಿಟ್ಟೆ: "ಇನ್ನು ಮುಂದೆ ನಮ್ಮನೆ ಸ್ಪೆಟ್ಟೆಕಾಕಾ ಮಾಡೋನು ನಾನೇ!"

ಹೆಂಡತಿ ಮೀನಿನ ಮುಳ್ಳು ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ. ಅವಳ ಹೆಸರು ಇಲ್ವಾ. ನಿಮ್ಮ ಕಿವಿಗೆ ಅದು ಪ್ರಶ್ನೆಯ ಹಾಗೆ ಕೇಳಿಸಬಹುದು. ನನಗಂತೂ ಮದುವೆಯಾದಾಗಿನಿಂದ ಅದು ಉತ್ತರವೇ, ಅದೂ ನಾನು ಬಾಯಿ ತೆರೆಯುವ ಮೊದಲೇ ಬರುವ ಉತ್ತರ.

"ನಿಂಗೆ ಮೊಟ್ಟೆ ಬೇಯಿಸೋಕೆ ಬರುತ್ತಾ, ಸ್ಟೆಲ್ಲನ್?" ಎಂದಳು ಇಲ್ವಾ.

"ಇದಕ್ಕೆ ಬೇಯಿಸೋದೇನಿಲ್ಲ. ನಲವತ್ತು ಮೊಟ್ಟೆ ಒಡೀಬೇಕು, ಅಷ್ಟೇ."

"ಹಾಗಾದ್ರೆ ಸರಿ. ಒಡೆಯೋ ಕೆಲಸಕ್ಕೆ ನಿನ್ನ ಬಿಟ್ರೆ ಇಲ್ಲ."

ಸ್ಪೆಟ್ಟೆಕಾಕಾ ನಮ್ಮ ಸ್ಕೋನೆ ಸೀಮೆಯ ಸಿಹಿ. ಬುಡ ದಪ್ಪಗೆ, ತುದಿ ಸಣ್ಣಗೆ ಇರುವ ಒಂದು ಮರದ ದಿಂಡು. ಅದರ ನಡುವೆ ಹಾದುಹೋದ ಕಬ್ಬಿಣದ ಸಲಾಕೆ. ಸಲಾಕೆಯ ಒಂದು ತುದಿಗೆ ತಿರುಗಿಸುವ ಹಿಡಿ. ದಿಂಡಿಗೆ ದಾರ ಸುತ್ತಿ, ಕಾಗದ ಹೊದಿಸಿ, ಬೆಂಕಿಯ ಮುಂದೆ ತಿರುಗಿಸುತ್ತ ಕೂರಬೇಕು. ಮೊಟ್ಟೆ, ಸಕ್ಕರೆ, ಆಲೂಗಡ್ಡೆ ಹಿಟ್ಟು ಕಲಸಿದ್ದನ್ನು ಸೌಟಿನಿಂದ ಎಳೆಎಳೆಯಾಗಿ ಸುರಿಯಬೇಕು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಐದು ಗಂಟೆಯಾದ ಮೇಲೆ ಒಳಗೆ ಟೊಳ್ಳಾದ, ಮೈತುಂಬ ಜಾಲರಿಯಿರುವ ಒಂದು ಗೋಪುರ ಸಿದ್ಧವಾಗುತ್ತದೆ. ಅದನ್ನು ಗರಗಸದಿಂದ ಕೊಯ್ದು ತಿನ್ನುತ್ತೇವೆ. ನಡುವೆ ಒಂದು ಕ್ಷಣವೂ ತಿರುಗಿಸುವುದನ್ನು ನಿಲ್ಲಿಸುವಂತಿಲ್ಲ. ಒಬ್ಬರು ತಿರುಗಿಸಬೇಕು, ಒಬ್ಬರು ಸುರಿಯಬೇಕು.

ನಮ್ಮ ಮನೆಯಲ್ಲಿ ತಿರುಗಿಸುತ್ತಿದ್ದವಳು ಅಮ್ಮ, ಸುರಿಯುತ್ತಿದ್ದವಳು ಅಮ್ಮನ ಅಕ್ಕ, ನಮ್ಮ ಆಸ್ತಾ ದೊಡ್ಡಮ್ಮ. ಅಕ್ಕತಂಗಿಯರು ನಲವತ್ತೊಂದು ವರ್ಷ ದೊಡ್ಡಮ್ಮನ ಅಡುಗೆಮನೆಯಲ್ಲಿ ಹಾಗೆ ಎದುರುಬದುರು ಕೂತರು. ಚಿಕ್ಕವನಾಗಿದ್ದಾಗ ನಾನು ಪಕ್ಕದ ಕೋಣೆಯ ಬೆಂಚಿನ ಮೇಲೆ ಮಲಗಿ, ಒಲೆಯ ಗೋಡೆಗೆ ಬೆನ್ನು ಕಾಯಿಸಿಕೊಳ್ಳುತ್ತ ಆ ಸದ್ದು ಕೇಳುತ್ತಿದ್ದೆ. ಕಿರ್ರ್, ಕಿರ್ರ್ ಎನ್ನುವ ಸಲಾಕೆ, ಅದರ ಜೊತೆಗೆ ಮುಗಿಯದ ಎರಡು ದನಿ. ಇದ್ದಕ್ಕಿದ್ದಂತೆ ಕಿರ್ರ್ ನಿಲ್ಲುತ್ತಿತ್ತು. ಇಬ್ಬರೂ ಬಿದ್ದುಬಿದ್ದು ನಗುತ್ತಿದ್ದರು. ನಾನು ಓಡಿಹೋಗಿ, "ಯಾಕಮ್ಮ ನಗ್ತಿದ್ದೀರಿ?" ಎಂದರೆ ಅಮ್ಮ ಕಣ್ಣೊರೆಸಿಕೊಂಡು, "ಏನಿಲ್ಲ, ಆಡ್ಕೋ ಹೋಗು" ಎನ್ನುತ್ತಿದ್ದಳು.

ಅಮ್ಮ ಹೋಗಿ ನಾಲ್ಕು ವರ್ಷ. ಅಂದಿನಿಂದ ದಿಂಡು ದೊಡ್ಡಮ್ಮನ ಅಟ್ಟದಲ್ಲಿತ್ತು. ಹಬ್ಬಕ್ಕೆ ಅಂಗಡಿಯಿಂದ ತಂದೆವು. ಚೆನ್ನಾಗಿಯೇ ಇತ್ತು. ಗೆರೆ ಎಳೆದ ಹಾಗೆ ನೀಟಾದ ಪದರಗಳು, ಒಂದು ಉಬ್ಬಿಲ್ಲ, ತಗ್ಗಿಲ್ಲ. ಅಮ್ಮ ಮಾಡಿದ್ದರಲ್ಲಿ ಅಲ್ಲಲ್ಲಿ ದಪ್ಪ ಗಂಟುಗಳಿರುತ್ತಿದ್ದವು. ನಾನು ಹಟ ಮಾಡಿ ಗಂಟಿರುವ ತುಂಡೇ ಇಸಿದುಕೊಳ್ಳುತ್ತಿದ್ದೆ. ಅಂಗಡಿಯದನ್ನು ಸುತ್ತಲೂ ತಿರುಗಿಸಿ ಹುಡುಕಿದೆ, ಒಂದು ಗಂಟೂ ಸಿಗಲಿಲ್ಲ. ಐವತ್ತಮೂರು ವರ್ಷದ ಗಂಡಸು ಸಿಹಿಯ ಮುಂದೆ ಮುಖ ಸಣ್ಣ ಮಾಡಿಕೊಂಡು ಕೂತದ್ದನ್ನು ಇಲ್ವಾ ನೋಡಿದಳು.

ಹಾಗಾಗಿ ಘೋಷಣೆ ಮಾಡಿದ ರಾತ್ರಿ ಕಳೆಯುತ್ತಲೇ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಎಂಬತ್ತನಾಲ್ಕರ ದೊಡ್ಡಮ್ಮ ಸಿಮ್ರಿಸ್‌ಹಾಮ್ ಹತ್ತಿರದ ಹಳ್ಳಿಯಲ್ಲಿ ಹದಿನಾಲ್ಕು ಕೋಳಿ, ಒಂದು ಬೆಕ್ಕು ಮತ್ತು ಇಡೀ ಊರಿನ ಮೇಲೆ ಅಧಿಕಾರ ನಡೆಸಿಕೊಂಡಿದ್ದಾಳೆ. ಚರ್ಚಿನ ಹಾಡುವವರ ತಂಡಕ್ಕೆ ಅವಳೇ ಮುಖ್ಯಸ್ಥೆ, ಹೊಲಿಗೆ ಸಂಘಕ್ಕೂ ಅವಳೇ.

"ಸರಿಯಾದ ಹೊತ್ತಿಗೆ ಫೋನ್ ಮಾಡಿದೆ," ಎಂದಳು ದೊಡ್ಡಮ್ಮ. "ನಮ್ಮೂರ ಹಳೇ ಸಾಮಾನಿನ ಮ್ಯೂಸಿಯಂ ನೋಡ್ಕೊಳ್ತಾನಲ್ಲ ಫೋಲ್ಕೆ, ದಿಂಡು ಕೊಡು ಕೊಡು ಅಂತ ಪ್ರಾಣ ತಿಂತಿದ್ದಾನೆ. ಗೋಡೆಗೆ ನೇತುಹಾಕಿ ಕೆಳಗೆ ಒಂದು ಚೀಟಿ ಅಂಟಿಸ್ತಾನಂತೆ. ಭಾನುವಾರ ಬಾ ಅಂದಿದ್ದೀನಿ."

"ಅಮ್ಮನ ದಿಂಡು ಗೋಡೆಗಾ?"

"ಮತ್ತೇನು ಮಾಡ್ಲಿ, ತಿರುಗಿಸೋರು ಯಾರಿದ್ದಾರೆ? ನನ್ನ ಭುಜದಲ್ಲಿ ಇನ್ನೊಂದೇ ಒಂದು ಸಲಕ್ಕಾಗೋಷ್ಟು ಜೀವ ಇದೆ. ಶನಿವಾರ ಬಾ. ಗೋಪುರ ನಿಂತ್ರೆ ದಿಂಡು ಮನೇಲಿರುತ್ತೆ, ಕುಸಿದ್ರೆ ಫೋಲ್ಕೆಗೆ. ಇಲ್ವಾಗೆ ಹೇಳು, ಮಧ್ಯಾಹ್ನ ಥರ್ಮಾಸ್‌ನಲ್ಲಿ ಕಾಫಿ ತರಲಿ. ಅವತ್ತು ಇಲ್ಲಿ ನೀರು ಕಾಯಿಸೋ ಹಾಗಿಲ್ಲ."

ಸ್ಪೆಟ್ಟೆಕಾಕಾಗೆ ಹುಟ್ಟಾ ಶತ್ರು ತೇವ. ಒಂದಿಷ್ಟು ಹಬೆ ತಗುಲಿದರೂ ಗೋಪುರ ಮೆತ್ತಗಾಗಿ ಮಂಡಿಯೂರಿಬಿಡುತ್ತದೆ. ಅಂದು ಆಲೂಗಡ್ಡೆ ಬೇಯಿಸುವಂತಿಲ್ಲ, ಬಟ್ಟೆ ಒಣಹಾಕುವಂತಿಲ್ಲ, ಕಾಫಿ ಕಾಯಿಸುವಂತಿಲ್ಲ. ಮೊದಲೆರಡನ್ನು ನಮ್ಮ ಜನ ತಡೆದುಕೊಳ್ಳುತ್ತಾರೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಹಾಜರಾದೆ. ದೊಡ್ಡಮ್ಮ ಬಾಗಿಲಲ್ಲೇ ನಿಂತು ಅಂಗೈ ಮೇಲೆ ಉಪ್ಪಿನ ಡಬ್ಬಿ ಅಲ್ಲಾಡಿಸುತ್ತಿದ್ದಳು. ಉಪ್ಪು ಪುಡಿಪುಡಿಯಾಗಿ ಉದುರಿತು. ಗಾಳಿ ಒಣಗಿದೆ ಎಂದರ್ಥ. ಆಮೇಲೆ ನನ್ನ ತಲೆ ನೋಡಿದಳು.

"ಸ್ನಾನ ಮಾಡಿ ಬಂದ್ಯಾ?"

"ಹೌದು ದೊಡ್ಡಮ್ಮ, ಶುದ್ಧವಾಗಿ ಬಂದಿದ್ದೀನಿ."

"ಒದ್ದೆಯಾಗಿ ಬಂದಿದ್ದೀಯ. ಹೋಗು, ಒಣಗಿಸ್ಕೊಂಡು ಬಾ."

ಇಪ್ಪತ್ತು ನಿಮಿಷ ಅಂಗಳದಲ್ಲಿ ಕೋಳಿಗಳ ನಡುವೆ ಗಾಳಿಗೆ ತಲೆಯೊಡ್ಡಿ ನಿಂತೆ. ಒಂದು ಹುಂಜ ನನ್ನನ್ನು ಬಹಳ ಹೊತ್ತು ಪರಿಶೀಲಿಸಿ, ಪ್ರಯೋಜನವಿಲ್ಲ ಎಂಬಂತೆ ಮುಖ ತಿರುಗಿಸಿತು. ಅದಕ್ಕೇನು ಗೊತ್ತು? ನನ್ನ ಚೀಲದಲ್ಲಿ ಬ್ರಹ್ಮಾಸ್ತ್ರವಿತ್ತು.

ಬ್ರಹ್ಮಾಸ್ತ್ರ ಎಂದರೆ ನನ್ನ ಡ್ರಿಲ್ಲಿಂಗ್ ಮೆಷಿನ್. ಘೋಷಣೆಗೂ ಮೊದಲೇ ಹದಿನೈದು ದಿನ ಗುಟ್ಟಾಗಿ ಕೂತು ಅದಕ್ಕೊಂದು ಕಬ್ಬಿಣದ ಕಾಲು ಮಾಡಿಸಿ, ಸಲಾಕೆಯ ಹಿಡಿ ಬಿಚ್ಚಿ ಸಿಕ್ಕಿಸಲು ಒಂದು ಕೊಂಡಿ ಕೂರಿಸಿದ್ದೆ. ಐದು ಗಂಟೆ ಕೈ ನೋಯಿಸಿಕೊಳ್ಳುವುದು ಹಿಂದಿನವರ ಹಣೆಬರಹ. ನಾನು ಕಾಲ ಮೇಲೆ ಕಾಲು ಹಾಕಿ ಕೂರುವವನು. ದೊಡ್ಡಮ್ಮ ಸೌದೆ ತಂದು ಬೆಂಕಿ ಸರಿ ಮಾಡಿ ತಿರುಗುವಷ್ಟರಲ್ಲಿ ಎಲ್ಲ ಜೋಡಿಸಿ ನಿಂತಿದ್ದೆ.

"ಇದೇನೋ ಇದು?"

"ವಿಜ್ಞಾನ, ದೊಡ್ಡಮ್ಮ."

ಅದನ್ನು ಸುತ್ತು ಹಾಕಿ ನೋಡಿದಳು. "ಇದಕ್ಕೆ ಮಾತು ಬರುತ್ತಾ?"

"ಮಾತು ಯಾಕೆ? ತಿರುಗಿದ್ರೆ ಸಾಲದಾ?"

ದೊಡ್ಡಮ್ಮ ಸೌಟು ಅದ್ದಿದಳು. ಮೊದಲ ಎಳೆ ದಿಂಡಿನ ಮೇಲೆ ಬಿತ್ತು. ನಾನು ಗುಂಡಿ ಒತ್ತಿದೆ. ಕಾಂಕ್ರೀಟ್ ಗೋಡೆ ಕೊರೆದು ಅಭ್ಯಾಸವಾದ ಯಂತ್ರ ಅದು. ಹೂವಿನಂಥ ದಿಂಡು ಸಿಕ್ಕಿದ್ದೇ ತಡ, ಹುಚ್ಚು ಹಿಡಿದಂತೆ ಸುತ್ತಿತು. ಹಿಟ್ಟು ದಿಂಡಿನ ಮೇಲೆ ಇರುವುದನ್ನು ಬಿಟ್ಟು ಉಳಿದೆಲ್ಲ ಕಡೆ ಇತ್ತು. ಗಡಿಯಾರದ ಮುಖದ ಮೇಲೆ, ದೊಡ್ಡಮ್ಮನ ಕನ್ನಡಕದ ಮೇಲೆ, ತಾತನ ಫೋಟೋದ ಮೀಸೆಯ ಮೇಲೆ. ಕರಿಯ ಬೆಕ್ಕು ಚುಕ್ಕೆ ಚಿರತೆಯಾಗಿ ಬೀರುವಿನ ಮೇಲೆ ಹಾರಿತು. ಗುಂಡಿ ಸಿಕ್ಕಿಹಾಕಿಕೊಂಡು ಬಿಡಿಸಲು ನಾನು ಒದ್ದಾಡುತ್ತಿದ್ದರೆ, ದೊಡ್ಡಮ್ಮ ಶಾಂತವಾಗಿ ಎರಡನೆಯ ಸೌಟು ಸುರಿದಳು. ಮೂರನೆಯದು. ನಾಲ್ಕನೆಯದು. ಕಡೆಗೆ ನಾನು ವೈರನ್ನೇ ಕಿತ್ತೆಸೆದೆ.

"ಸುರಿಯೋದು ನಿಲ್ಲಿಸಬಾರದಿತ್ತಾ ದೊಡ್ಡಮ್ಮ?"

"ನಿನ್ನ ವಿಜ್ಞಾನ ಎಲ್ಲೀವರೆಗೆ ಹೋಗುತ್ತೆ ನೋಡೋಣ ಅಂತ." ಕನ್ನಡಕದಲ್ಲಿ ಒಂದು ಸಣ್ಣ ಕಿಂಡಿ ಮಾಡಿಕೊಂಡು ನನ್ನನ್ನು ನೋಡಿದಳು. "ಬೀರುವಿನವರೆಗೆ ಹೋಯ್ತು."

ನಾಚಿಕೆಯಿಂದ ಒದ್ದೆ ಬಟ್ಟೆ ತರಲು ಹೊರಟೆ. "ಒದ್ದೆ ಬಟ್ಟೆ ಒಳಗೆ ತಂದ್ರೆ ಕೈ ಮುರೀತೀನಿ!" ಎಂಬ ಕೂಗು ಬಂತು. ಹೀಗಾಗಿ ಒರೆಸುವಂತೆಯೂ ಇಲ್ಲ. ನನ್ನ ಪರಾಕ್ರಮ ನಾಲ್ಕೂ ಗೋಡೆಯ ಮೇಲೆ ಒಣಗುತ್ತಿರುವಾಗ, ಅದರ ನಡುವೆಯೇ ಕೂತು ದಿಂಡಿಗೆ ಹೊಸ ಕಾಗದ ಸುತ್ತಿದೆವು. ಹಿಟ್ಟು ಉಳಿದದ್ದು ಇನ್ನೊಂದೇ ಪ್ರಯತ್ನಕ್ಕೆ. ಕೋಳಿಗಳು ಅಂದಿನ ಮಟ್ಟಿಗೆ ತಮ್ಮ ಕೆಲಸ ಮುಗಿಸಿದ್ದವು.

ಈಗ ಹಿಡಿ ಹಾಕಿ, ಅಮ್ಮನ ಮೂರು ಕಾಲಿನ ಮಣೆಯ ಮೇಲೆ ಕೂತೆ. ಕೂತು ಕೂತು ನಡುವೆ ಸವೆದಿತ್ತು. ನನ್ನ ಗಾತ್ರಕ್ಕೆ ಅದು ಸಾಲದು, ಆದರೂ ಏಳಲು ಮನಸ್ಸಾಗಲಿಲ್ಲ. ಗಡಿಯಾರದ ಮೇಲಿನ ಹಿಟ್ಟಿನ ಸಂದಿನಿಂದ ಮುಳ್ಳು ನೋಡುತ್ತ ನಿಮಿಷಕ್ಕೆ ಹದಿನೈದು ಸುತ್ತಿನಂತೆ ಎಣಿಸತೊಡಗಿದೆ.

"ಏನದು ಗೊಣಗ್ತಿರೋದು?"

"ಸುತ್ತು ಎಣಿಸ್ತಿದ್ದೀನಿ."

"ಎಣಿಸೋದು ಬಿಟ್ಟು ಮಾತಾಡು. ಮಾತಿನ ಹಿಂದೆ ಕೈ ತಾನಾಗಿ ಹೋಗುತ್ತೆ. ಬರೀ ಕೈ ತಿರುಗಿಸಿದ್ರೆ ಒಂದೋ ಓಡುತ್ತೆ, ಇಲ್ಲ ತೂಕಡಿಸುತ್ತೆ. ಸಿಗ್ನೆ ಐದು ಗಂಟೆ ಬಾಯಿ ಮುಚ್ತಿರಲಿಲ್ಲ."

ಸಿಗ್ನೆ ನನ್ನ ಅಮ್ಮ. ಆ ಹೆಸರು ಆ ಅಡುಗೆಮನೆಯಲ್ಲಿ ಕೇಳಿ ನಾಲ್ಕು ವರ್ಷವಾಗಿತ್ತು. ಏನಾದರೂ ಮಾತಾಡಬೇಕೆಂದು ನನಗೆ ಗೊತ್ತಿದ್ದ ಒಂದೇ ವಿಷಯ ಎತ್ತಿಕೊಂಡೆ. ಲಿಫ್ಟಿನ ಹಗ್ಗ ತುಂಡಾದರೆ ಪೆಟ್ಟಿಗೆಯನ್ನು ಹಿಡಿದು ನಿಲ್ಲಿಸುವ ಬ್ರೇಕು, ಅದರ ಎರಡು ಬಗೆ, ಒಂದೊಂದಕ್ಕೂ ಇರುವ ನಿಯಮ. ಕೈ ನಿಜಕ್ಕೂ ಹದಕ್ಕೆ ಬರುತ್ತಿತ್ತು. ಎರಡನೆಯ ನಿಯಮದ ಮೂರನೆಯ ಉಪನಿಯಮಕ್ಕೆ ಬಂದಾಗ ನೋಡಿದರೆ ದೊಡ್ಡಮ್ಮನ ತಲೆ ಎದೆಗೆ ಇಳಿದಿತ್ತು, ಸೌಟು ಬೆಂಕಿಯ ಕಡೆಗೆ.

"ದೊಡ್ಡಮ್ಮಾ!"

"ಹ್ಞಾ! ಹಗ್ಗ ತುಂಡಾಯ್ತಾ?"

"ಇನ್ನೂ ಇಲ್ಲ."

"ಇಷ್ಟು ಹೊತ್ತಿಗೆ ಬಿದ್ದು ಸತ್ತಿರಬೇಕಿತ್ತು ಎಲ್ರೂ. ಬೇರೆ ಏನಾದ್ರೂ ಹೇಳೋ. ಮನುಷ್ಯರ ವಿಷಯ ಇಲ್ವಾ ನಿನ್ನ ಹತ್ರ?"

ಇರಲಿಲ್ಲ. ನಾನು ಹಾಗೆ ಮಾತಾಡಿ ಗೊತ್ತಿಲ್ಲದವನು. ಮತ್ತೆ ಒಳಗೊಳಗೇ ಸುತ್ತು ಎಣಿಸತೊಡಗಿದೆ. ದಿಂಡಿನ ಮೇಲಿನ ಪದರ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ವಾಲತೊಡಗಿತು. ದೊಡ್ಡಮ್ಮ ಸೌಟನ್ನು ಎಡಗೈಗೆ ಬದಲಾಯಿಸಿ ಬಲಭುಜ ಒತ್ತಿಕೊಂಡಳು. ಆ ಭುಜದಲ್ಲಿದ್ದ ಕೊನೆಯ ಗೋಪುರವನ್ನು ನಾನು ಹಾಳು ಮಾಡುತ್ತಿದ್ದೆ. ನಾಳೆ ಫೋಲ್ಕೆ ಬರುತ್ತಾನೆ, ಚೀಟಿ ಅಂಟಿಸುತ್ತಾನೆ. ಭಯದಲ್ಲಿ ಬಾಯಿಗೆ ಬಂದದ್ದನ್ನು ಕೇಳಿದೆ.

"ಅಮ್ಮ ತಿರುಗಿಸಿದ್ರೆ ಅಲ್ಲಲ್ಲಿ ಗಂಟು ಬೀಳ್ತಿತ್ತಲ್ಲ ದೊಡ್ಡಮ್ಮ, ಅದು ಹೇಗೆ ಬೀಳಿಸೋದು?"

"ಅದು ಬೀಳಿಸೋದಲ್ಲ ಕಣೋ. ತಪ್ಪು ಅದು. ನಗು ಬಂದ್ರೆ ಸಿಗ್ನೆ ಕೈ ನಿಂತುಬಿಡೋದು. ಹಿಟ್ಟು ಇದ್ದಲ್ಲೇ ಕೂತು ಗಂಟಾಗೋದು. ತಿರುಗಿಸೇ ಅಂತ ಬೈಯೋಣ ಅಂದ್ರೆ ನಂಗೂ ನಗು. ಒಂದೊಂದು ಗಂಟು ಒಂದೊಂದು ನಗು. ಪುಣ್ಯಾತ್ಮ, ನೀನು ಅದೇ ಬೇಕು ಅಂತ ಅಳ್ತಿದ್ದೆ."

ನಾನು ತಿರುಗಿಸುತ್ತಲೇ ಇದ್ದೆ. "ಕೊನೇ ಸಲ ಮಾಡಿದ್ರಲ್ಲ, ಎಷ್ಟಿತ್ತು?"

"ಹನ್ನೊಂದು." ದೊಡ್ಡಮ್ಮ ಬೆಂಕಿ ನೋಡುತ್ತ ಹೇಳಿದಳು. "ಕೂರೋಕಾಗ್ತಿರಲಿಲ್ಲ ಆಗ ಅವಳಿಗೆ, ಬೆನ್ನಿಗೆ ದಿಂಬು ಕೊಟ್ಟಿದ್ದೆ. ಆದ್ರೂ ಹನ್ನೊಂದು."

ಅಷ್ಟೇ ಸಾಕಾಯಿತು. ಕಣ್ಣಿಂದ ಒಂದು ಹನಿ ಹೊರಟು ಮೂಗಿನ ತುದಿಗೆ ಬಂದು ನಿಂತಿತು. ಕೆಳಗೆ ಗೋಪುರ.

"ಸ್ಟೆಲ್ಲನ್! ತೇವ! ಅಳೋದಿದ್ರೆ ಅಂಗಳದಲ್ಲಿ!"

"ಕೈ ಬಿಟ್ರೆ ಬೀಳುತ್ತೆ ದೊಡ್ಡಮ್ಮ..."

"ನೀನು ಬಿಡದಿದ್ರೂ ಬೀಳುತ್ತೆ!"

ಆಗ ಬಾಗಿಲು ತೆರೆಯಿತು. ಥರ್ಮಾಸ್ ಹಿಡಿದುಕೊಂಡು ಇಲ್ವಾ ನಿಂತಿದ್ದಳು. ಗೋಡೆ ನೋಡಿದಳು, ಬೆಕ್ಕು ನೋಡಿದಳು, ನನ್ನ ಮೂಗು ನೋಡಿದಳು. ಎರಡು ಹೆಜ್ಜೆಯಲ್ಲಿ ಬಂದು ನನ್ನ ಕೈಯಿಂದ ಹಿಡಿ ತೆಗೆದುಕೊಂಡು, ಅದರ ಬದಲು ಥರ್ಮಾಸ್ ಕೊಟ್ಟು, ಮಣೆಯಿಂದ ನನ್ನನ್ನು ಮೊಣಕೈಯಲ್ಲೇ ತಳ್ಳಿದಳು. ದಿಂಡು ಅರ್ಧ ಸುತ್ತೂ ತಪ್ಪಲಿಲ್ಲ.

ಹೀಗೆ ನಾನು ಎರಡನೆಯ ಸಲ ಅಂಗಳಕ್ಕೆ ಬಿದ್ದೆ. ಸೌದೆ ರಾಶಿಯ ಮೇಲೆ ಕೂತು ಅತ್ತೆ. ಅಮ್ಮ ಹೋದ ದಿನ ನಾನು ಅತ್ತಿರಲಿಲ್ಲ. ಅಂದು ಆಸ್ಪತ್ರೆಯ ಲಿಫ್ಟಿನಲ್ಲಿ ಇಳಿಯುವಾಗ ಅದರ ಬಾಗಿಲಿಗೆ ಎಣ್ಣೆ ಸಾಲದು ಎಂದು ಯೋಚಿಸುತ್ತಿದ್ದೆ. ಆಮೇಲೆ ದಿನಾ ಒಂದಲ್ಲ ಒಂದು ಲಿಫ್ಟ್ ಕೆಟ್ಟಿರುತ್ತಿತ್ತು. ಈಗ ಕೈಯಲ್ಲಿ ಏನೂ ಕೆಲಸವಿರಲಿಲ್ಲ, ಅಳುವುದು ಬಿಟ್ಟು. ಸುಧಾರಿಸಿಕೊಳ್ಳಲೆಂದು ಒಂದು ಲೋಟ ಕಾಫಿ ಬಗ್ಗಿಸಿಕೊಂಡೆ. ಸಾಲಲಿಲ್ಲ, ಇನ್ನೊಂದು.

ಆಗ ಅದು ಕೇಳಿಸಿತು. ಕಿರ್ರ್, ಕಿರ್ರ್, ಹದವಾಗಿ, ಅವಸರವಿಲ್ಲದೆ. ಅದರ ಜೊತೆಗೆ ಎರಡು ಹೆಂಗಸರ ದನಿ, ಒಂದು ಮುಗಿಯುವ ಮೊದಲೇ ಇನ್ನೊಂದು. ಮಾತು ತಿಳಿಯುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಕಿರ್ರ್ ನಿಂತಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಇಬ್ಬರೂ ಬಿದ್ದುಬಿದ್ದು ನಕ್ಕರು.

ನಾನು ಗೋಡೆಗೆ ಬೆನ್ನು ಕೊಟ್ಟು ಕೂತೆ. ಒಲೆಯ ಹಿಂದಿನ ಗೋಡೆ, ಬೆಚ್ಚಗಿತ್ತು. ನಾಲ್ಕು ವರ್ಷದಿಂದ ನಾನು ಅಂಗಡಿ ಅಂಗಡಿಯಲ್ಲಿ ಹುಡುಕುತ್ತಿದ್ದದ್ದು ಸಿಹಿಯಲ್ಲ ಎಂದು ಆಗ ಗೊತ್ತಾಯಿತು. ಬೇಕಾಗಿದ್ದದ್ದು ಇದು, ಈ ಸದ್ದು. ಒಳಗೆ ಹೋಗಿ ಇಣುಕಿದರೆ ಅಮ್ಮ ಇರುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೇ ಹೋಗಲಿಲ್ಲ. ಮೂರು ಗಂಟೆ ಹಾಗೇ ಕೂತಿದ್ದೆ, ಎಂಟು ವರ್ಷದವನಾಗಿ. ಹುಂಜ ಬಂದು ಪಕ್ಕದಲ್ಲಿ ನಿಂತುಕೊಂಡಿತು. ಕಾಫಿ ಬಗ್ಗಿಸಿಕೊಳ್ಳುತ್ತ ಹೋದೆ.

ಕರೆದಾಗ ಒಳಗೆ ಹೋದೆ. ದಿಂಡನ್ನು ಮೇಜಿನ ಮೇಲೆ ನೇರವಾಗಿ ನಿಲ್ಲಿಸಿದ್ದರು. ನನ್ನ ವಾಲಿದ ಬುಡ ಎದ್ದು ಕಾಣುತ್ತಿತ್ತು. ಅದರ ಮೇಲಿಂದ ಇಲ್ವಾಳ ಪದರಗಳು ಏರಿ ಬಂದು ಅದನ್ನು ಸರಿತೂಗಿಸಿದ್ದವು. ಮೈತುಂಬ ಗಂಟು. ಎಣಿಸಿದೆ, ಹದಿನೇಳು. ದೊಡ್ಡಮ್ಮ ಒಳಗಿನ ದಾರದ ತುದಿ ಹಿಡಿದು ಮೆಲ್ಲಗೆ ಎಳೆದಳು. ದಿಂಡು ಸಡಿಲವಾಯಿತು, ಇಲ್ವಾ ಗೋಪುರವನ್ನು ಅದರ ಮೇಲಿಂದ ಎತ್ತಿ ಪಕ್ಕದಲ್ಲಿ ನಿಲ್ಲಿಸಿದಳು. ಗೋಪುರ ಒಮ್ಮೆ ತೂಗಿತು. ಮೂವರೂ ಉಸಿರು ಬಿಡಲಿಲ್ಲ, ಉಸಿರಲ್ಲೂ ತೇವವಿರುತ್ತದೆ. ಆಮೇಲೆ ಅದು ನಿಂತಿತು.

ದೊಡ್ಡಮ್ಮ ನೆಟ್ಟಗೆ ಫೋನಿನ ಬಳಿ ಹೋದಳು. "ಫೋಲ್ಕೆ, ನಾಳೆ ಬರಬೇಡಪ್ಪ. ದಿಂಡು ಕೊಡಲ್ಲ. ಗೋಡೆಗೆ ನೇತುಹಾಕಲೇಬೇಕು ಅಂದ್ರೆ ಒಂದು ಡ್ರಿಲ್ಲಿಂಗ್ ಮೆಷಿನ್ ಇದೆ."

ನಾನು ಗೆದ್ದವನಂತೆ ದಿಂಡಿಗೆ ಕೈ ಚಾಚಿದೆ. ದೊಡ್ಡಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈ ದಾಟಿಸಿ ಹೆಂಡತಿಯ ಮಡಿಲಿಗೆ ಹಾಕಿದಳು. "ಮುಂದಿನ ಸಲ ಸುರಿಯೋಕೂ ಯಾರನ್ನಾದ್ರೂ ಹುಡುಕ್ಕೋ, ಇಲ್ವಾ. ನಾನು ಕೂತು ಬೈತೀನಿ."

"ಹಾಗಾದ್ರೆ ನಂಗೇನೂ ಇಲ್ವಾ?" ಎಂದೆ.

"ಇದ್ದಾಳಲ್ಲ," ಎಂದಳು ದೊಡ್ಡಮ್ಮ.

ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ಬೇಜಾರ್ ಮಾಡ್ಕೋಬೇಡ್ವೋ. ಈ ಕೆಲಸಕ್ಕೆ ನೀನೂ ಬೇಕೇ ಬೇಕು. ಸಿಗ್ನೆಗೆ ನಿಮ್ಮಪ್ಪ ಇದ್ದ, ನಲವತ್ತೊಂದು ವರ್ಷ ಮಾತಾಡಿದ್ರೂ ಮುಗೀಲಿಲ್ಲ. ಇವಳಿಗೆ ನೀನಿದ್ದೀಯ. ನೀನಿಲ್ದೆ ಇದ್ರೆ ಯಾರ ವಿಷಯ ಮಾತಾಡ್ಕೊಂಡು ತಿರುಗಿಸ್ತಾಳೆ?"

ನಾನು ಹದಿನೇಳು ಗಂಟುಗಳನ್ನು ಮತ್ತೆ ಒಂದೊಂದಾಗಿ ನೋಡಿದೆ. ತುದಿಯ ಹತ್ತಿರ ಎಲ್ಲಕ್ಕಿಂತ ದಪ್ಪದ್ದೊಂದಿತ್ತು, ಹೆಚ್ಚುಕಮ್ಮಿ ನನ್ನ ಮುಷ್ಟಿಯಷ್ಟು.

"ಇದು ಯಾವುದು?"

"ಹೋದ ವಾರ ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಆ ಮೆಷಿನ್ನಿಗೆ ಪ್ಯಾನ್‌ಕೇಕ್ ಹಿಟ್ಟು ಹಾಕಿ ನೋಡಿದ್ಯಲ್ಲ," ಎಂದಳು ಇಲ್ವಾ. "ಗೋಡೆ ತೊಳೆದೋಳು ಯಾರು ಅಂದ್ಕೊಂಡೆ?"

ದೊಡ್ಡಮ್ಮ ಗರಗಸ ತೆಗೆದುಕೊಂಡು, ನಾನು ಕೇಳುವ ಮೊದಲೇ ಆ ಗಂಟಿರುವ ತುಂಡನ್ನು ಕೊಯ್ದು ನನ್ನ ಕೈಗಿಟ್ಟಳು. ಬಾಯಿಗೆ ಹಾಕಿಕೊಂಡೆ. ಮೊದಲು ಗರಿಗರಿ, ಆಮೇಲೆ ನಾಲಿಗೆಯ ಮೇಲೆ ಕರಗಿ ಹೋಯಿತು. ಅದೇ ರುಚಿ. ಮತ್ತೆ ಕಣ್ಣು ತುಂಬಿತು, ಆದರೆ ನಾನು ನುಂಗಿಕೊಂಡೆ.

"ಸರಿ, ಈಗ ಕಾಫಿ," ಎಂದು ದೊಡ್ಡಮ್ಮ ಕೈ ಉಜ್ಜಿಕೊಂಡಳು. "ಬೆಳಿಗ್ಗೆಯಿಂದ ಒಂದು ತೊಟ್ಟು ಬಿದ್ದಿಲ್ಲ ಗಂಟಲಿಗೆ. ಎಲ್ಲಿ ಥರ್ಮಾಸ್?"

ಇಲ್ವಾ ಅದನ್ನೆತ್ತಿ ಅಲ್ಲಾಡಿಸಿದಳು. ಸದ್ದೇ ಇಲ್ಲ. ಬೋರಲು ಹಾಕಿದಳು. ಒಂದು ಹನಿಯೂ ಬೀಳಲಿಲ್ಲ. ನಮ್ಮ ಸೀಮೆಯಲ್ಲಿ ದರೋಡೆ ಮಾಡಿದವನನ್ನು ಕ್ಷಮಿಸಬಹುದು, ಎಂಬತ್ತನಾಲ್ಕರ ಮುದುಕಿಯ ಕಾಫಿ ಕುಡಿದವನನ್ನಲ್ಲ.

"ಅಂಗಳ," ಎಂದರು ಇಬ್ಬರೂ.

ಹೀಗೆ ನಾನು ಮೂರನೆಯ ಸಲ ಅಂಗಳಕ್ಕೆ ಬಂದೆ, ಕೋಳಿಗಳ ನಡುವೆ ಮೂರು ಕಲ್ಲು ಹೂಡಿ, ಕೆಟಲಿ ಇಟ್ಟು, ಹೊಗೆ ಊದುತ್ತ ಕೂತೆ. ನೀರಿಗೆ ಕುದಿ ಬರುತ್ತಿತ್ತು. ಕಿಟಕಿಯೊಳಗೆ ಗುಸುಗುಸು ಶುರುವಾಯಿತು. ನಿಂತಿತು. ಆಮೇಲೆ ನಗು. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ಕೂಗಿದೆ:

"ಯಾಕೆ ನಗ್ತಿದ್ದೀರಿ?"

"ಏನಿಲ್ಲ," ಎಂದಳು ಇಲ್ವಾ ಕಣ್ಣೊರೆಸಿಕೊಳ್ಳುತ್ತ, "ಕಾಫಿ ಕಾಯ್ಸು ಹೋಗು."